ಯುರೋಪಿನ ಸರ್ಕಾರಿ ಅಂಕಿಅಂಶ: ಬೆಲೆ, ಸಂಬಳ, ಬಾಡಿಗೆಯ ಲೆಕ್ಕ ಓದುವುದು ಹೇಗೆ?

2022ರ ಅಕ್ಟೋಬರಿನಲ್ಲಿ ಯೂರೋ ವಲಯದ ಹಣದುಬ್ಬರ ಶೇ. 10.6 ಮುಟ್ಟಿತು. ಯೂರೋ ಚಲಾವಣೆಗೆ ಬಂದ ಮೇಲೆ ಅಷ್ಟು ಎತ್ತರ ಕಂಡದ್ದು ಅದೇ ಮೊದಲು. ಎಲ್ಲ ಪತ್ರಿಕೆಗಳಲ್ಲೂ ಅದೇ ಸುದ್ದಿ. ಆದರೆ ಅದೇ ತಿಂಗಳು ಎಸ್ಟೋನಿಯಾದಲ್ಲಿ ಹಣದುಬ್ಬರ ಶೇ. 22.5 ಇತ್ತು, ಫ್ರಾನ್ಸಿನಲ್ಲಿ ಶೇ. 7.1. ಇಬ್ಬರದೂ ಒಂದೇ ನಾಣ್ಯ, ಒಂದೇ ಕೇಂದ್ರ ಬ್ಯಾಂಕು. ಹಾಗಾದರೆ 10.6 ಯಾರ ಮನೆಯ ಲೆಕ್ಕ? ನಿಜ ಹೇಳಬೇಕೆಂದರೆ ಯಾರ ಮನೆಯದೂ ಅಲ್ಲ.

ಹಾಗೆಂದು ಅದು ಸುಳ್ಳೂ ಅಲ್ಲ. ಫ್ರಾನ್ಸ್ ಸರ್ಕಾರ ಆ ವರ್ಷ ಮನೆಗಳ ಗ್ಯಾಸ್ ದರ ಹೆಚ್ಚದಂತೆ ತಡೆಹಿಡಿದು, ವಿದ್ಯುತ್ ದರದ ಏರಿಕೆಯನ್ನು ಶೇ. 4ಕ್ಕೆ ಕಟ್ಟಿಹಾಕಿತ್ತು. ಎಸ್ಟೋನಿಯಾದಲ್ಲಿ ಎಷ್ಟೋ ಮನೆಗಳ ಕರೆಂಟು ಬಿಲ್ಲು ವಿದ್ಯುತ್ ವಿನಿಮಯ ಕೇಂದ್ರದ ದರದ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು. 22.5 ಮತ್ತು 7.1ರ ನಡುವಿನ ಅಂತರದ ಒಂದು ದೊಡ್ಡ ಪಾಲು ಇಲ್ಲಿದೆ. ಸರ್ಕಾರಿ ಅಂಕಿಅಂಶ ದಿನನಿತ್ಯದ ಬದುಕನ್ನು ವಿವರಿಸುವುದು ಹೀಗೆ: ಯಾವ ಪ್ರಶ್ನೆ ಕೇಳಿ ಆ ಅಂಕಿ ಪಡೆದರು ಎಂದು ಗೊತ್ತಾದಾಗ ಮಾತ್ರ.

ಯುರೋಪಿಗೆ ಓದಲು, ಕೆಲಸಕ್ಕೆ ಹೊರಟವರಿಗೆ, ಮಕ್ಕಳು ಅಲ್ಲಿರುವ ತಂದೆತಾಯಿಗೆ, ಸುಮ್ಮನೆ ಕುತೂಹಲಕ್ಕೆ ಸುದ್ದಿ ಓದುವವರಿಗೆ ಈ ಅಂಕಿಗಳನ್ನು ಬಳಸುವ ದಾರಿ ಇಲ್ಲಿದೆ. ಗಣಿತ ಏಳನೇ ತರಗತಿಯಷ್ಟು ಬಂದರೆ ಸಾಕು.

ಹೆಜ್ಜೆ 1: ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

“ಯುರೋಪಿನಲ್ಲಿ ಜೀವನ ದುಬಾರಿಯೇ?” ಎಂಬ ಪ್ರಶ್ನೆಗೆ ಯಾವ ಕೋಷ್ಟಕದಲ್ಲೂ ಉತ್ತರವಿಲ್ಲ. “ಐರ್ಲೆಂಡಿನಲ್ಲಿ ದಿನಬಳಕೆಯ ಬೆಲೆ ಯುರೋಪಿಯನ್ ಒಕ್ಕೂಟದ ಸರಾಸರಿಗಿಂತ ಎಷ್ಟು ಹೆಚ್ಚು?” ಎಂದರೆ ಉತ್ತರವಿದೆ. ಯಾವ ದೇಶ, ಯಾವ ವರ್ಷ, ಯಾರ ವಿಷಯ, ಯಾವುದರ ಅಳತೆ, ಈ ನಾಲ್ಕನ್ನೂ ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡೇ ಹುಡುಕಲು ಕೂರಿ. ಇಲ್ಲದಿದ್ದರೆ ಅಂಕಿಗಳ ಸಂತೆಯಲ್ಲಿ ಸುತ್ತಿ ಸುತ್ತಿ ಬರಿಗೈಯಲ್ಲಿ ವಾಪಸಾಗುತ್ತೀರಿ.

ಹೆಜ್ಜೆ 2: ಮೂಲಕ್ಕೆ ಹೋಗಿ

ಯುರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿಯ ಹೆಸರು ಯೂರೋಸ್ಟ್ಯಾಟ್, ಇರುವುದು ಲಕ್ಸೆಂಬರ್ಗಿನಲ್ಲಿ. 1953ರಲ್ಲಿ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯದ ಲೆಕ್ಕ ಇಡಲು ಹುಟ್ಟಿದ ವಿಭಾಗವೇ ಮುಂದೆ ಇದಾಯಿತು. ಇದು ತಾನಾಗಿ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ಆ ಕೆಲಸ ಆಯಾ ದೇಶದ ಕಚೇರಿಗಳದು: ಜರ್ಮನಿಗೆ ವೀಸ್‌ಬಾಡನ್ನಿನ ಡೆಸ್ಟಾಟಿಸ್, ಫ್ರಾನ್ಸಿಗೆ ಇನ್ಸೆ, ನೆದರ್ಲೆಂಡ್ಸಿಗೆ ಸಿಬಿಎಸ್, ಐರ್ಲೆಂಡಿಗೆ ಕಾರ್ಕ್ ನಗರದ ಸಿಎಸ್ಒ. ಎಲ್ಲರೂ ಒಂದೇ ವ್ಯಾಖ್ಯೆಯಲ್ಲಿ ಲೆಕ್ಕ ಹಾಕುವಂತೆ ನೋಡಿಕೊಂಡು, ಬಂದದ್ದನ್ನು ಪಕ್ಕಪಕ್ಕದಲ್ಲಿ ಇಡುವುದು ಯೂರೋಸ್ಟ್ಯಾಟ್ ಕೆಲಸ.

ಆದ್ದರಿಂದ ಎರಡು ದೇಶ ಹೋಲಿಸುವುದಿದ್ದರೆ ಯೂರೋಸ್ಟ್ಯಾಟ್, ಒಂದೇ ದೇಶದ ಒಳವಿವರ ಬೇಕಿದ್ದರೆ ಆ ದೇಶದ ಕಚೇರಿ. ಡೇಟಾಬೇಸ್ ಎಲ್ಲರಿಗೂ ಮುಕ್ತ, ಕಾಸು ಕೊಡಬೇಕಿಲ್ಲ. ಕೋಷ್ಟಕಕ್ಕೆ ನೇರವಾಗಿ ನುಗ್ಗುವ ಮೊದಲು ಅದೇ ತಾಣದಲ್ಲಿರುವ ವಿವರಣಾ ಲೇಖನಗಳನ್ನು ಓದಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಪ್ರತಿ ಕೋಷ್ಟಕಕ್ಕೂ ಒಂದು ಸಂಕೇತವಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಮತ್ತೆ ಹುಡುಕುವ ಪಾಡಿರುವುದಿಲ್ಲ.

ಹಣದುಬ್ಬರದ ಮೊದಲ ಅಂದಾಜು ಆಯಾ ತಿಂಗಳು ಮುಗಿಯುವ ಹೊತ್ತಿಗೇ ಬರುತ್ತದೆ, ಪೂರ್ಣ ಲೆಕ್ಕ ಮರುತಿಂಗಳ ನಡುವಿಗೆ. ಅಲ್ಲಿಯ ಬೆಳಿಗ್ಗೆ 11 ಗಂಟೆಗೆ ಪ್ರಕಟಣೆ, ಅಂದರೆ ನಮ್ಮ ಗಡಿಯಾರದಲ್ಲಿ, ಅಲ್ಲಿಯ ಬೇಸಿಗೆಯಲ್ಲಿ ಮಧ್ಯಾಹ್ನ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ.

ಹೆಜ್ಜೆ 3: ಬೆಲೆಯ ಅಂಕಿಯನ್ನು ಬಿಡಿಸಿ ನೋಡಿ

ಸುದ್ದಿಯಲ್ಲಿ “ಹಣದುಬ್ಬರ ಇಳಿಯಿತು” ಎಂದು ಓದಿ ಅಂಗಡಿಗೆ ಹೋದವರು ಸಿಟ್ಟಾಗುವುದು ಸಹಜ. ಬೆಲೆಗಳೇನೂ ಇಳಿದಿರುವುದಿಲ್ಲ, ಏರುವ ವೇಗ ಮಾತ್ರ ತಗ್ಗಿರುತ್ತದೆ. ಲೆಕ್ಕ ಹಾಕಿ ನೋಡೋಣ. 2021ರ ಅಕ್ಟೋಬರಿನಲ್ಲಿ 100 ಯೂರೋ ಕೊಟ್ಟು ತಂದ ಸಾಮಾನು ಎಂದುಕೊಳ್ಳಿ. ಒಂದು ವರ್ಷಕ್ಕೆ ಶೇ. 10.6 ಏರಿ ಅದು 110.6 ಯೂರೋ ಆಯಿತು. 2023ರ ಅಕ್ಟೋಬರಿನ ದರ ಶೇ. 2.9, ಆಗ 113.8. 2024ರ ಅಕ್ಟೋಬರಿನ ದರ ಶೇ. 2, ಆಗ 116 ಚಿಲ್ಲರೆ. ಯುರೋಪಿಯನ್ ಕೇಂದ್ರ ಬ್ಯಾಂಕಿನ ಗುರಿಯೇ ಶೇ. 2 ಆದ್ದರಿಂದ ಬ್ಯಾಂಕಿನವರು ನೆಮ್ಮದಿಯ ಉಸಿರು ಬಿಟ್ಟರು. ಚೀಲ ಹಿಡಿದು ನಿಂತವರಿಗೆ ಮಾತ್ರ ಹದಿನಾರು ಯೂರೋ ಹೆಚ್ಚೇ. ಇಬ್ಬರೂ ಹೇಳುತ್ತಿರುವುದು ನಿಜ. ನಿಮ್ಮ ಸಂಬಳವೂ ಆ ಮೂರು ವರ್ಷದಲ್ಲಿ ಶೇ. 16 ಏರಿತೇ ಎಂಬುದು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ. ಇದಕ್ಕೆ ಕೋಷ್ಟಕದಲ್ಲಿ ವಾರ್ಷಿಕ ದರದ ಸಾಲಿನ ಬದಲು ಸೂಚ್ಯಂಕದ (ಒಂದು ಆಧಾರ ವರ್ಷದ ಬೆಲೆಯನ್ನು 100 ಎಂದಿಟ್ಟು ಬರೆದ ಅಂಕಿಯ) ಸಾಲು ನೋಡಿ. ನೀವು ಕೆಲಸಕ್ಕೆ ಸೇರಿದ ತಿಂಗಳ ಸೂಚ್ಯಂಕದಿಂದ ಈ ತಿಂಗಳದ್ದನ್ನು ಭಾಗಿಸಿದರೆ ಮುಗಿಯಿತು. ಸಂಬಳ ಹೆಚ್ಚಿಸಿ ಎಂದು ಮ್ಯಾನೇಜರ್ ಮುಂದೆ ಕೂರುವಾಗ ಇದಕ್ಕಿಂತ ಗಟ್ಟಿ ಕಾಗದ ಇನ್ನೊಂದಿಲ್ಲ.

ಇನ್ನು ಹಣದುಬ್ಬರ ಅಳೆಯಲು ಲೆಕ್ಕಕ್ಕೆ ಹಿಡಿಯುವ ಸಾಮಾನು, ಸೇವೆಗಳ ಬುಟ್ಟಿಯೊಳಗೆ ಏನಿದೆ ಎಂಬ ವಿಚಾರ. ಯೂರೋ ವಲಯದ ಲೆಕ್ಕದಲ್ಲಿ ಆಹಾರ, ಮದ್ಯ, ತಂಬಾಕು ಎಲ್ಲ ಸೇರಿ ಸುಮಾರು ಐದನೇ ಒಂದು ಪಾಲು. ಬಾಡಿಗೆ, ಹೋಟೆಲು, ಪ್ರಯಾಣ, ಕ್ಷೌರ, ವಿಮೆಯಂಥ ಸೇವೆಗಳದ್ದು ನೂರಕ್ಕೆ ನಲವತ್ತಕ್ಕೂ ಹೆಚ್ಚು. ಭಾರತದಲ್ಲಿ 2012ನ್ನು ಆಧಾರವಾಗಿಟ್ಟ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ಪಾಲೇ ಶೇ. 46ರ ಹತ್ತಿರ ಇತ್ತು. ಈರುಳ್ಳಿ, ಟೊಮೆಟೊ ಏರಿದರೆ ನಮ್ಮಲ್ಲಿ ಇಡೀ ಸೂಚ್ಯಂಕ ಅಲುಗಾಡುವುದಕ್ಕೂ, ಅಲ್ಲಿ ಅಷ್ಟಾಗಿ ಅಲುಗಾಡದಿರುವುದಕ್ಕೂ ಕಾರಣ ಇದೇ. ಪೊಟ್ಟಣದ ಬೆಲೆ ಅಷ್ಟೇ ಇಟ್ಟು ಒಳಗಿನ ಮಾಲು ಕಡಿಮೆ ಮಾಡುವ ಕಂಪನಿಗಳ ಜಾಣತನವನ್ನೂ ಲೆಕ್ಕದವರು ಬಿಡುವುದಿಲ್ಲ. ತೂಕ ಇಳಿದರೆ ಅದನ್ನು ಬೆಲೆಯೇರಿಕೆ ಎಂದೇ ಬರೆದುಕೊಳ್ಳುತ್ತಾರೆ.

ಹೊಸದಾಗಿ ಹೋದವರು ಹೆಚ್ಚಾಗಿ ಎಡವುವುದು ಬಾಡಿಗೆಯ ಸಾಲಿನಲ್ಲಿ. ಮ್ಯೂನಿಕ್‌ನಲ್ಲಿ ಮನೆ ಹುಡುಕಿದವರಿಗೆ ಗೊತ್ತು, ಜಾಹೀರಾತಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಸರ್ಕಾರಿ ಸೂಚ್ಯಂಕದಲ್ಲಿ ಮಾತ್ರ ಬಾಡಿಗೆ ವರ್ಷಕ್ಕೆ ಶೇ. 2ರಷ್ಟೋ ಏನೋ ಏರಿದ್ದು ಕಾಣುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಹದಿನೈದು ವರ್ಷದಿಂದ ಒಂದೇ ಮನೆಯಲ್ಲಿರುವ ಅಜ್ಜಿಯ ಬಾಡಿಗೆಯೂ ನಿನ್ನೆ ಕರಾರು ಬರೆದ ಎಂಜಿನಿಯರನ ಬಾಡಿಗೆಯೂ ಆ ಸೂಚ್ಯಂಕದಲ್ಲಿ ಸೇರಿರುತ್ತವೆ, ಮತ್ತು ಹಳೆಯ ಕರಾರುಗಳೇ ಹೆಚ್ಚು. ನಿಮಗೆ ಬೇಕಾದದ್ದು ಹೊಸ ಕರಾರಿನ ಬಾಡಿಗೆ, ಅದನ್ನು ನಗರಮಟ್ಟದ ಬಾಡಿಗೆ ವರದಿಗಳಲ್ಲಿ ಹುಡುಕಬೇಕು. ಸಾಲ ಮಾಡಿ ಮನೆ ಕೊಂಡವರಿಗೂ ಒಂದು ಮಾತು: ಯೂರೋಸ್ಟ್ಯಾಟ್‌ನ ಈ ಸೂಚ್ಯಂಕದಲ್ಲಿ ನಿಮ್ಮ ಮನೆಯ ಬೆಲೆಯೂ ಇಲ್ಲ, ಸಾಲದ ಬಡ್ಡಿಯೂ ಇಲ್ಲ. ಬಡ್ಡಿದರ ಏರಿ ತಿಂಗಳ ಕಂತು ಇನ್ನೂರು ಯೂರೋ ಹೆಚ್ಚಾದರೆ ಅದು ನಿಮ್ಮ ಜೇಬಿಗೆ ಮಾತ್ರ ಗೊತ್ತು.

ಡೆಸ್ಟಾಟಿಸ್ ತಾಣದಲ್ಲಿ ವೈಯಕ್ತಿಕ ಹಣದುಬ್ಬರ ಲೆಕ್ಕ ಹಾಕುವ ಸಾಧನವೊಂದಿದೆ. ತಿಂಗಳಿಗೆ ಆಹಾರಕ್ಕೆ ಎಷ್ಟು, ಬಾಡಿಗೆಗೆ ಎಷ್ಟು, ಪೆಟ್ರೋಲಿಗೆ ಎಷ್ಟು ಎಂದು ತುಂಬಿದರೆ ನಿಮ್ಮ ಮನೆಯ ದರ ತೋರಿಸುತ್ತದೆ. ಕಾರಿಲ್ಲದ, ಮನೆಯಲ್ಲೇ ಅಡುಗೆ ಮಾಡಿಕೊಳ್ಳುವ ವಿದ್ಯಾರ್ಥಿಗೂ ದಿನಾ ಎಂಬತ್ತು ಕಿಲೋಮೀಟರ್ ಗಾಡಿ ಓಡಿಸುವವರಿಗೂ ಅದು ಒಂದೇ ಉತ್ತರ ಕೊಡುವುದಿಲ್ಲ.

ಹೆಜ್ಜೆ 4: ಎರಡು ಊರಿನ ಸಂಬಳ ಹೋಲಿಸುವಾಗ

ಐರ್ಲೆಂಡಿನಿಂದ ಒಂದು, ರೊಮೇನಿಯಾದಿಂದ ಒಂದು ಕೆಲಸದ ಕರೆ ಬಂದಿದೆ ಎಂದುಕೊಳ್ಳಿ. ತೆರಿಗೆ ಕಳೆದು ಕೈಗೆ ಬರುವುದು ಡಬ್ಲಿನ್ನಿನಲ್ಲಿ ತಿಂಗಳಿಗೆ 3,500 ಯೂರೋ, ಬುಕಾರೆಸ್ಟಿನಲ್ಲಿ (ಯೂರೋ ಲೆಕ್ಕಕ್ಕೆ ತಂದರೆ) 2,000. (ಒಟ್ಟು ಸಂಬಳ ಹೋಲಿಸಲೇಬೇಡಿ. ತೆರಿಗೆ, ವಿಮೆಯ ಕಡಿತ ದೇಶದಿಂದ ದೇಶಕ್ಕೆ ಬಹಳ ಬೇರೆ.) ಮೇಲ್ನೋಟಕ್ಕೆ ಯೋಚಿಸುವುದೇ ಬೇಡ ಅನ್ನಿಸುತ್ತದೆ.

ಯೂರೋಸ್ಟ್ಯಾಟ್‌ನಲ್ಲಿ ಬೆಲೆಮಟ್ಟದ ಸೂಚ್ಯಂಕ ಎಂಬ ಕೋಷ್ಟಕವಿದೆ. ಒಕ್ಕೂಟದ ಸರಾಸರಿ 100. 2023ರಲ್ಲಿ ಮನೆಬಳಕೆಯ ಸರಕು, ಸೇವೆಗಳ ಬೆಲೆ ಐರ್ಲೆಂಡಿನಲ್ಲಿ 142, ರೊಮೇನಿಯಾದಲ್ಲಿ 60. ಈಗ 3,500ನ್ನು 1.42ರಿಂದ ಭಾಗಿಸಿ: ಸುಮಾರು 2,465. ಎರಡು ಸಾವಿರವನ್ನು 0.60ರಿಂದ ಭಾಗಿಸಿ: ಸುಮಾರು 3,333. ಕೊಳ್ಳುವ ಶಕ್ತಿಯಲ್ಲಿ ಬುಕಾರೆಸ್ಟಿನ ಸಂಬಳವೇ ದೊಡ್ಡದು.

ಇಲ್ಲಿಗೆ ನಿಲ್ಲಿಸಿದರೆ ತಪ್ಪು ತೀರ್ಮಾನವಾಗುತ್ತದೆ. ಒಂದು, 142 ಎನ್ನುವುದು ಇಡೀ ಐರ್ಲೆಂಡಿನ ಸರಾಸರಿ. ಡಬ್ಲಿನ್ನಿನ ಬಾಡಿಗೆ ಅದಕ್ಕಿಂತ ಮೇಲೆ, ಬುಕಾರೆಸ್ಟಿನದೂ ರೊಮೇನಿಯಾದ ಹಳ್ಳಿಗಳಿಗಿಂತ ಮೇಲೆ. ಇನ್ನೊಂದು ನಮ್ಮವರಿಗೆ ವಿಶೇಷವಾಗಿ ಸಲ್ಲುವ ಮಾತು. ಸಂಬಳದ ಎಷ್ಟು ಪಾಲನ್ನು ಊರಿಗೆ ಕಳಿಸುತ್ತೀರಿ? ಕೊಳ್ಳುವ ಶಕ್ತಿಯ ಈ ಲೆಕ್ಕ ಅಲ್ಲೇ ಖರ್ಚು ಮಾಡುವ ದುಡ್ಡಿಗೆ ಮಾತ್ರ ಅನ್ವಯ. ಹಾಸನದಲ್ಲಿ ಮನೆ ಕಟ್ಟಲು ಕಳಿಸುವ ಯೂರೋ ಡಬ್ಲಿನ್ನಿನಿಂದ ಬಂದರೂ ಬುಕಾರೆಸ್ಟಿನಿಂದ ಬಂದರೂ ಬ್ಯಾಂಕಿನಲ್ಲಿ ಒಂದೇ ದರಕ್ಕೆ ರೂಪಾಯಿ ಆಗುತ್ತದೆ. ಎರಡೂ ಕಡೆ ಐದನೇ ಒಂದು ಪಾಲು ಉಳಿಸಿದರೆ ಡಬ್ಲಿನ್ನಿನವರದು 700, ಬುಕಾರೆಸ್ಟಿನವರದು 400. ಅಲ್ಲೇ ನೆಲೆ ನಿಲ್ಲುವವರಿಗೆ ಒಂದು ಉತ್ತರ, ನಾಲ್ಕು ವರ್ಷ ದುಡಿದು ವಾಪಸು ಬರುವವರಿಗೆ ಇನ್ನೊಂದು. ಅಂತರಜಾಲದಲ್ಲಿ ಸಿಗುವ “ಸಂಬಳ ಹೋಲಿಕೆ” ಯಂತ್ರಗಳು ಈ ಎರಡನೆಯದನ್ನು ಕೇಳುವುದೇ ಇಲ್ಲ. ಹಾಗಾಗಿ ನಾನು ಅವುಗಳಿಗೆ ಹೆಚ್ಚು ಬೆಲೆ ಕೊಡುವುದಿಲ್ಲ.

ದೇಶದ ತಲಾ ಜಿಡಿಪಿ ನೋಡಿ ಸಂಬಳದ ಅಂದಾಜು ಮಾಡುವುದಂತೂ ಬೇಡ. ಲಕ್ಸೆಂಬರ್ಗಿನಲ್ಲಿ ದುಡಿಯುವವರಲ್ಲಿ ಅರ್ಧದ ಹತ್ತಿರ ಜನ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ದಿನಾ ಗಡಿ ದಾಟಿ ಬರುವವರು. ಅವರ ದುಡಿಮೆ ಜಿಡಿಪಿಗೆ ಸೇರುತ್ತದೆ, ತಲೆ ಎಣಿಸುವಾಗ ಅವರಿಲ್ಲ. ಐರ್ಲೆಂಡಿನ ಕಥೆ ಇನ್ನೂ ವಿಚಿತ್ರ. 2015ರಲ್ಲಿ ಅದರ ಜಿಡಿಪಿ ಒಂದೇ ವರ್ಷಕ್ಕೆ ಶೇ. 26 ಏರಿತೆಂದು ಪ್ರಕಟವಾಯಿತು, ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದರಿಂದ. ಯಾವ ಐರಿಷ್ ಮನೆಯವರಿಗೂ ಆ ಏರಿಕೆ ಊಟದ ತಟ್ಟೆಯಲ್ಲಿ ಕಾಣಲಿಲ್ಲ. ಆಮೇಲೆ ಅಲ್ಲಿಯ ಕಚೇರಿ ಇಂಥದ್ದನ್ನೆಲ್ಲ ಕಳೆದು ತೋರಿಸುವ ಬೇರೆಯೇ ರಾಷ್ಟ್ರೀಯ ಆದಾಯದ ಅಳತೆಯನ್ನು ಹುಟ್ಟುಹಾಕಬೇಕಾಯಿತು.

ಹೆಜ್ಜೆ 5: ಛೇದದಲ್ಲಿ ಯಾರಿದ್ದಾರೆ ನೋಡಿ

ನಿರುದ್ಯೋಗದ ಸುದ್ದಿ ಬಂದಾಗ ಇದು ಬೇಕು. ಸಮೀಕ್ಷೆ ನಡೆದ ವಾರದಲ್ಲಿ ಸಂಬಳಕ್ಕಾಗಿ ಒಂದು ಗಂಟೆ ದುಡಿದರೂ ಆ ವ್ಯಕ್ತಿ ಉದ್ಯೋಗಿ. ಬರ್ಲಿನ್ನಿನಲ್ಲಿ ಓದುತ್ತ, ಸಂಜೆ ಸೈಕಲ್ ಮೇಲೆ ಊಟ ತಲುಪಿಸುವ ಹುಡುಗನೂ ಉದ್ಯೋಗಿಯೇ. ನಿರುದ್ಯೋಗಿ ಅನ್ನಿಸಿಕೊಳ್ಳಲು ಮೂರು ಷರತ್ತು: ಕೆಲಸ ಇರಬಾರದು, ಹಿಂದಿನ ನಾಲ್ಕು ವಾರದಲ್ಲಿ ಹುಡುಕಿರಬೇಕು, ಎರಡು ವಾರದೊಳಗೆ ಸೇರಲು ಸಿದ್ಧವಿರಬೇಕು. ಗಂಡನ ಜೊತೆ ಸ್ಟುಟ್‌ಗಾರ್ಟಿಗೆ ಹೋಗಿ, ಕೆಲಸ ಹುಡುಕುವುದನ್ನು ಸದ್ಯಕ್ಕೆ ಬಿಟ್ಟು ಜರ್ಮನ್ ಕಲಿಯುತ್ತಿರುವ ಎಂಜಿನಿಯರ್ ಹೆಣ್ಣುಮಗಳು ಈ ಲೆಕ್ಕದಲ್ಲಿ ನಿರುದ್ಯೋಗಿ ಅಲ್ಲ. ಆಕೆ ದುಡಿಮೆಯ ವಲಯದ ಹೊರಗೆ. ಅಂಥವರನ್ನೂ ಕಾಣಬೇಕಿದ್ದರೆ, ಕೆಲಸ ಬೇಕಿದ್ದೂ ಹುಡುಕದವರನ್ನು, ಹೆಚ್ಚು ಗಂಟೆ ಬಯಸುವ ಅರೆಕಾಲಿಕರನ್ನು ಸೇರಿಸಿದ ಪ್ರತ್ಯೇಕ ಕೋಷ್ಟಕವಿದೆ.

ಯುವಜನರ ನಿರುದ್ಯೋಗದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. 2013ರಲ್ಲಿ ಸ್ಪೇನಿನ ಯುವ ನಿರುದ್ಯೋಗ ಶೇ. 55 ದಾಟಿತ್ತು. ಎರಡರಲ್ಲಿ ಒಬ್ಬ ಯುವಕ ಬೀದಿಯಲ್ಲಿ ಎಂದೇ ಎಲ್ಲರೂ ಬರೆದರು. ಆದರೆ ಛೇದದಲ್ಲಿದ್ದವರು ದುಡಿಯುತ್ತಿರುವ ಅಥವಾ ಕೆಲಸ ಹುಡುಕುತ್ತಿರುವ ಯುವಜನರು ಮಾತ್ರ. ಕೆಲಸ ಹುಡುಕದೆ ಕಾಲೇಜಿನಲ್ಲಿದ್ದ ದೊಡ್ಡ ಗುಂಪು ಅದರಲ್ಲಿ ಇರಲಿಲ್ಲ. ಎಲ್ಲ ಯುವಜನರನ್ನೂ ಛೇದಕ್ಕೆ ತಂದರೆ ಐದರಲ್ಲಿ ಒಬ್ಬರು. ಅದೂ ಘೋರವೇ, ಆದರೆ ಬೇರೆ ಮಾತು.

ಜರ್ಮನಿಯಲ್ಲಿ ಎರಡು ನಿರುದ್ಯೋಗ ದರ ಕೇಳಿ ಗಲಿಬಿಲಿಯಾದವರಿಗೆ: ನ್ಯೂರೆಂಬರ್ಗಿನ ಉದ್ಯೋಗ ಇಲಾಖೆ ತನ್ನಲ್ಲಿ ಹೆಸರು ನೋಂದಾಯಿಸಿದವರನ್ನು ಎಣಿಸುತ್ತದೆ, ವಾರಕ್ಕೆ 15 ಗಂಟೆಗಿಂತ ಕಡಿಮೆ ದುಡಿಯುವವರೂ ಅಲ್ಲಿ ನಿರುದ್ಯೋಗಿಗಳಾಗಿರಬಹುದು. 2024ರಲ್ಲಿ ಆ ದರ ಶೇ. 6, ಯೂರೋಸ್ಟ್ಯಾಟ್‌ನದು ಶೇ. 3.5ರ ಆಸುಪಾಸು.

ಹೆಜ್ಜೆ 6: ಒಂದು ಕೋಷ್ಟಕದ ಪಕ್ಕಕ್ಕೆ ಇನ್ನೊಂದನ್ನು ತನ್ನಿ

ಅಂಕಿ ಏನಾಗಿದೆ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. 2022ರಲ್ಲಿ ಯುವಜನರು ತಂದೆತಾಯಿಯ ಮನೆ ಬಿಡುವ ಸರಾಸರಿ ವಯಸ್ಸು ಫಿನ್ಲೆಂಡಿನಲ್ಲಿ 21.3, ಕ್ರೊಯೇಷಿಯಾದಲ್ಲಿ 33.4. ಯುರೋಪಿನವರೆಲ್ಲ ಹದಿನೆಂಟಕ್ಕೇ ಮಕ್ಕಳನ್ನು ಹೊರಗಟ್ಟುತ್ತಾರೆ ಎಂದು ನಮ್ಮ ಹಿರಿಯರು ಹೇಳುವುದುಂಟಲ್ಲ, ಅವರಿಗೆ ಮೊದಲು ತೋರಿಸಬೇಕಾದ ಕೋಷ್ಟಕ ಇದು. ಮೂವತ್ತು ದಾಟಿದರೂ ಅಮ್ಮನ ಕೈ ಅಡುಗೆ ಉಣ್ಣುವವರು ಅಲ್ಲಿಯೂ ಧಾರಾಳ ಇದ್ದಾರೆ.

ಯಾಕಿರಬಹುದು? ಸ್ವಂತ ಮನೆಯ ಕೋಷ್ಟಕ ತೆಗೆಯಿರಿ. ರೊಮೇನಿಯಾದಲ್ಲಿ ಜನಸಂಖ್ಯೆಯ ಶೇ. 95ರಷ್ಟು ಸ್ವಂತ ಮನೆಯಲ್ಲಿದ್ದಾರೆ, ಕ್ರೊಯೇಷಿಯಾದಲ್ಲೂ ಶೇ. 90ಕ್ಕಿಂತ ಹೆಚ್ಚು. ಜರ್ಮನಿಯಲ್ಲಿ ಅರ್ಧಕ್ಕಿಂತ ಕಡಿಮೆ. ರೊಮೇನಿಯಾದವರು ಜರ್ಮನರಿಗಿಂತ ಶ್ರೀಮಂತರೆಂದಲ್ಲ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ ಸರ್ಕಾರಿ ಫ್ಲಾಟುಗಳನ್ನು ಅಲ್ಲಿದ್ದವರಿಗೇ ಕಡಿಮೆ ಬೆಲೆಗೆ ಮಾರಿದ ಇತಿಹಾಸ ಆ ಅಂಕಿಯಲ್ಲಿದೆ. ಇಕ್ಕಟ್ಟಿನ ಮನೆಗಳ ಕೋಷ್ಟಕವನ್ನೂ ಪಕ್ಕಕ್ಕಿಟ್ಟರೆ ಅದೇ ರೊಮೇನಿಯಾ ಮೇಲಿನ ಸಾಲಿನಲ್ಲಿ ಕಾಣುತ್ತದೆ. ಮನೆ ಸ್ವಂತದ್ದು, ಆದರೆ ಜಾಗ ಸಾಲದು. ಬಾಡಿಗೆ ಮನೆಗಳೇ ಕಡಿಮೆ ಇರುವ ಊರಿನಲ್ಲಿ ಮಗ ಬೇರೆ ಹೋಗುವುದಾದರೂ ಎಲ್ಲಿಗೆ? ಫಿನ್ಲೆಂಡಿನಲ್ಲಾದರೆ ವಿದ್ಯಾರ್ಥಿಗಳಿಗೆ ಸರ್ಕಾರದ ಧನಸಹಾಯ, ವಸತಿಗೆ ನೆರವು ಇದೆ. ಇಷ್ಟೆಲ್ಲ ಜೋಡಿಸಿದ ಮೇಲೂ ಇದು ನಮ್ಮ ಊಹೆಯೇ, ಆದರೆ ಬುಡವಿರುವ ಊಹೆ.

ಗಂಡು ಹೆಣ್ಣಿನ ಸಂಬಳದ ಅಂತರ ನೋಡುವಾಗಲೂ ಹೀಗೇ ಮಾಡಿ. ಇಟಲಿಯಲ್ಲಿ ಅದು ಶೇ. 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ. 17ರ ಆಸುಪಾಸು. ಇಟಲಿಯಲ್ಲಿ ಹೆಣ್ಣುಮಕ್ಕಳಿಗೆ ನ್ಯಾಯ ಸಿಕ್ಕಿದೆ ಎಂದು ಕುಣಿಯುವ ಮೊದಲು ಎಷ್ಟು ಹೆಂಗಸರು ಕೆಲಸದಲ್ಲಿದ್ದಾರೆ ಎಂಬ ಕೋಷ್ಟಕ ನೋಡಿ. ಅಲ್ಲಿ ಆ ಪ್ರಮಾಣ ಒಕ್ಕೂಟದಲ್ಲೇ ತೀರ ಕೆಳಗೆ. ಕಡಿಮೆ ಸಂಬಳ ಸಿಗಬಹುದಾಗಿದ್ದ ಎಷ್ಟೋ ಮಂದಿ ಮನೆಯಲ್ಲೇ ಉಳಿದಿದ್ದರಿಂದ ಲೆಕ್ಕ ಚೆಂದ ಕಾಣುತ್ತದೆ.

ಹೆಜ್ಜೆ 7: ಬಡತನದ ಗೆರೆ ಎಲ್ಲಿ ಎಳೆದಿದ್ದಾರೆ?

ಬಡತನದ ಅಪಾಯದಲ್ಲಿರುವವರು ಎಂದರೆ ಆ ದೇಶದ ಮಧ್ಯಾಂಕ ಆದಾಯದ (ಎಲ್ಲರನ್ನೂ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಆದಾಯದ) ಶೇ. 60ಕ್ಕಿಂತ ಕೆಳಗಿರುವವರು. ಗೆರೆ ದೇಶಕ್ಕೊಂದು. ಲಕ್ಸೆಂಬರ್ಗಿನಲ್ಲಿ ಗೆರೆಯ ಕೆಳಗಿರುವ ಎಷ್ಟೋ ಮನೆಗಳ ಆದಾಯ ರೊಮೇನಿಯಾದ ನಡುಮಟ್ಟದ ಮನೆಗಿಂತ ಹೆಚ್ಚು. ಮನೆಯ ಆದಾಯವನ್ನು ತಲೆಗಳಿಂದ ನೇರವಾಗಿ ಭಾಗಿಸುವುದೂ ಇಲ್ಲ. ಮೊದಲ ದೊಡ್ಡವರಿಗೆ 1, ಹದಿನಾಲ್ಕು ವರ್ಷ ತುಂಬಿದ ಉಳಿದ ಪ್ರತಿಯೊಬ್ಬರಿಗೆ 0.5, ಅದಕ್ಕಿಂತ ಚಿಕ್ಕ ಮಕ್ಕಳಿಗೆ 0.3. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳೆಂದರೆ 2.1. ಅವರ ವರ್ಷದ ಆದಾಯ 42,000 ಯೂರೋ ಆದರೆ, ಒಂಟಿಯಾಗಿ 20,000 ಗಳಿಸುವವರಿಗೆ ಸಮ. ನಿಮ್ಮ ಮನೆಯ ಸ್ಥಾನ ತಿಳಿಯಲು ಈ ಭಾಗಾಕಾರವನ್ನೇ ಮಾಡಿ.

ಹೆಜ್ಜೆ 8: ಅಂಕಿಯ ಪಕ್ಕದ ಸಣ್ಣ ಅಕ್ಷರ

ಕೋಷ್ಟಕದಲ್ಲಿ ಕೆಲವು ಅಂಕಿಗಳ ಪಕ್ಕ ಇಂಗ್ಲಿಷಿನ ಪುಟ್ಟ ಅಕ್ಷರಗಳಿರುತ್ತವೆ. ‘ಪಿ’ ಎಂದರೆ ತಾತ್ಕಾಲಿಕ, ‘ಇ’ ಎಂದರೆ ಅಂದಾಜು, ‘ಯು’ ಎಂದರೆ ಅಷ್ಟು ನಂಬುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ‘ಬಿ’: ಲೆಕ್ಕದ ಕ್ರಮ ಇಲ್ಲಿ ಬದಲಾಗಿದೆ, ಹಿಂದಿನ ವರ್ಷದ ಜೊತೆ ನೇರ ಹೋಲಿಸಬೇಡಿ ಎಂದು ಅರ್ಥ. ಉದ್ಯೋಗದ ಕೋಷ್ಟಕಗಳಲ್ಲಿ 2021ರ ಪಕ್ಕ ಇದು ಸಿಗುತ್ತದೆ, ಆ ವರ್ಷ ಸಮೀಕ್ಷೆಯ ನಿಯಮ ಬದಲಾಯಿತು. ಬರಿಯ ಎರಡು ಚುಕ್ಕೆ ಇದ್ದರೆ ಮಾಹಿತಿ ಇಲ್ಲವೆಂದು, ಸೊನ್ನೆ ಎಂದಲ್ಲ. ಬ್ರಿಟನ್ನಿನ ಸಾಲುಗಳು ಹಲವು ಕೋಷ್ಟಕಗಳಲ್ಲಿ 2020ರ ಸುಮಾರಿಗೆ ನಿಂತುಹೋಗುತ್ತವೆ. ಒಕ್ಕೂಟ ಬಿಟ್ಟ ದೇಶದ ಲೆಕ್ಕವನ್ನು ಆ ದೇಶದಲ್ಲೇ ಹುಡುಕಬೇಕು.

ಲೆಕ್ಕವನ್ನೇ ತಿರುಚಿದರೆ? ಅದೂ ನಡೆದಿದೆ. 2009ರ ಗ್ರೀಸಿನ ವಿತ್ತೀಯ ಕೊರತೆಯನ್ನು ಮೊದಲು ಜಿಡಿಪಿಯ ಶೇ. 3.7 ಎಂದರು, ಚುನಾವಣೆಯ ನಂತರ 12.7 ಎಂದರು, ಕೊನೆಗೆ ನಿಂತದ್ದು 15ರ ಮೇಲೆ. ಪಿಂಚಣಿ, ಸಂಬಳಗಳಿಗೆ ಕತ್ತರಿ ಬಿದ್ದದ್ದು ಅದರ ಬೆನ್ನಿಗೇ. ಆಮೇಲೆ ಗ್ರೀಸಿನ ಅಂಕಿಅಂಶ ಕಚೇರಿಯನ್ನು ಸರ್ಕಾರದಿಂದ ಸ್ವತಂತ್ರವಾಗಿ ಕಟ್ಟಿದರು, ಸದಸ್ಯ ದೇಶಗಳ ಲೆಕ್ಕ ಪರಿಶೀಲಿಸಲು ಯೂರೋಸ್ಟ್ಯಾಟ್‌ಗೆ ಹೆಚ್ಚಿನ ಅಧಿಕಾರ ಬಂತು.

ನಿಮ್ಮ ಮನೆಗೇ ಪತ್ರ ಬಂದರೆ

ಜರ್ಮನಿಯಲ್ಲಿರುವವರಿಗೆ ಒಂದು ದಿನ ರಾಜ್ಯದ ಅಂಕಿಅಂಶ ಕಚೇರಿಯಿಂದ ಮೈಕ್ರೋಝೆನ್ಸುಸ್ ಎಂಬ ಪತ್ರ ಬರಬಹುದು. ಪ್ರತಿ ವರ್ಷ ಜನಸಂಖ್ಯೆಯ ಸುಮಾರು ಶೇ. 1 ಮಂದಿಯನ್ನು ಆರಿಸಿ ಕೆಲಸ, ಆದಾಯ, ವಸತಿಯ ವಿವರ ಕೇಳುತ್ತಾರೆ. ಪೌರತ್ವ ಯಾವುದಾದರೂ ಸರಿ, ಆರಿಸಿದ ವಿಳಾಸದಲ್ಲಿ ವಾಸವಿದ್ದರೆ ಸಾಕು. ವಂಚಕರ ಪತ್ರವೆಂದು ಬಿಸಾಡಬೇಡಿ. ಉತ್ತರಿಸುವುದು ಕಾನೂನಿನ ಪ್ರಕಾರ ಕಡ್ಡಾಯ, ಸುಮ್ಮನಿದ್ದರೆ ದಂಡ ಬೀಳಬಹುದು. ನಿಜವಾದ ಪತ್ರವೇ ಎಂಬ ಅನುಮಾನವಿದ್ದರೆ ಪತ್ರದಲ್ಲಿರುವ ಕೊಂಡಿ ಒತ್ತದೆ, ಆ ಕಚೇರಿಯ ಅಧಿಕೃತ ತಾಣವನ್ನು ನೀವೇ ಹುಡುಕಿ ಅಲ್ಲಿರುವ ಸಂಖ್ಯೆಗೆ ಫೋನ್ ಮಾಡಿ. ಬ್ಯಾಂಕಿನ ಪಿನ್, ಪಾಸ್‌ವರ್ಡ್ ಕೇಳಿದರೆ ಅದು ಅವರ ಪತ್ರವಲ್ಲ.

ಎಣಿಕೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬರ್ಲಿನ್ನಿನವರನ್ನು ಕೇಳಬೇಕು. 2011ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ ದಾಖಲೆಯಲ್ಲಿದ್ದದ್ದಕ್ಕಿಂತ ಸುಮಾರು 1,80,000 ಕಡಿಮೆ ಬಂತು. ಬರ್ಲಿನ್ ನಗರವೂ ಹೌದು, ರಾಜ್ಯವೂ ಹೌದು. ರಾಜ್ಯಗಳ ನಡುವೆ ತೆರಿಗೆ ಹಣ ಹಂಚುವುದು ತಲೆ ಎಣಿಕೆಯ ಮೇಲೆ, ಆದ್ದರಿಂದ ನಗರದ ಬೊಕ್ಕಸಕ್ಕೆ ವರ್ಷ ವರ್ಷವೂ ಕೋಟಿಗಟ್ಟಲೆ ಯೂರೋ ಖೋತಾ. ಬರ್ಲಿನ್, ಹ್ಯಾಂಬರ್ಗ್ ಎರಡೂ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದವು. 2018ರಲ್ಲಿ ನ್ಯಾಯಾಲಯ ಗಣತಿಯ ಕ್ರಮ ಸರಿಯಾಗಿಯೇ ಇದೆ ಎಂದು ತೀರ್ಪು ಕೊಟ್ಟಿತು. ಬಾಡಿಗೆ ಮನೆ ಬದಲಿಸಿದಾಗ, ದೇಶ ಬಿಟ್ಟು ಹೊರಟಾಗ ನಗರ ಕಚೇರಿಯಲ್ಲಿ ವಿಳಾಸ ಬದಲಿಸುವುದನ್ನು, ಹೆಸರು ತೆಗೆಸುವುದನ್ನು ಮರೆಯಬೇಡಿ. ಹೋದ ಮೇಲೂ ದಾಖಲೆಯಲ್ಲಿ ಉಳಿದುಬಿಡುವ ಹೆಸರುಗಳಿಂದಲೇ ಇಂಥ ವ್ಯತ್ಯಾಸ ಬೆಳೆಯುವುದು.